ಡಿಫ್ಯೂಸರ್ ಕೆಳಗಿನ ಉಣ್ಣೆ ದಾರ

ಕಾರಿನ ಹಿಂಬದಿಯ ಕೆಳಗೆ ಮಲಗಿ ಉಣ್ಣೆ ದಾರದ ತುಣುಕುಗಳನ್ನು ಟೇಪಿನಿಂದ ಅಂಟಿಸುತ್ತಿದ್ದೆ. ಸಂಗು ಮಾಮಾ ಪಕ್ಕದಲ್ಲೇ ಮಲಗಿ ಒಂದೊಂದೇ ಕತ್ತರಿಸಿ ಕೊಡುತ್ತಿದ್ದ. ಬೆರಳು ತಾಗಿದಾಗ ಅವನು ನಗುತ್ತಿದ್ದ, ನಾನು ಬಂಪರ್ ನೋಡುತ್ತಿದ್ದೆ.

ಸಂಗು ಮಾಮಾ ಅಂದರೆ ಸಂಗಮೇಶ, ನನ್ನ ಸೋದರತ್ತೆಯ ಮಗ. ಬಾಗೇವಾಡಿಯಲ್ಲಿ ನಮ್ಮಪ್ಪನ ಶೆಡ್ಡಿನಲ್ಲಿ ಕಾರುಗಳಿಗೆ ಫೈಬರ್ ಭಾಗ ಮಾಡುತ್ತಾನೆ. ಶಾಲೆ ಬಿಟ್ಟಾಗಿನಿಂದ ಅವಕ್ಕೆ ಪಾಲಿಶ್ ಪೇಪರ್ ಉಜ್ಜುವುದು ನನ್ನ ಕೆಲಸ.

ಈ ಸ್ಪೋರ್ಟ್ಸ್ ಕಾರು ಸಿಂದಗಿಯ ಬಸವಂತರಾಯರದು. ಅದರ ಹಿಂಬದಿಯ ಕೆಳಗೆ ಮಾಮಾ ಡಿಫ್ಯೂಸರ್ ಕೂಡಿಸಿದ್ದ: ಮೇಲಕ್ಕೇರುವ ಫೈಬರ್ ಹಲಗೆ, ಅದರಲ್ಲಿ ಸಾಲಾಗಿ ರೆಕ್ಕೆಗಳು.

“ಕಾರಿನ ಕೆಳಗ ಗಾಳಿ ಜೋರ್ ಓಡ್ತೈತಿ. ಇಲ್ಲಿ ಮೆಲ್ಲಕ ಹರಡಿ ಹೊರಗ ಬಂದ್ರ ಕಾರು ರಸ್ತಾಕ್ಕ ಕಚ್ಚಿ ಕೂಡ್ತೈತಿ. ದಾರ ನೆಟ್ಟಗ ನಿಂತ್ರ ನಾ ಗೆದ್ದೆ.”

“ಕುಣದ್ರ?”

“ಗಾಳಿ ಹಲಗಿ ಬಿಟ್ಟೈತಿ ಅಂತ. ಹಿಂದಿನ ಗಾಲಿ ಹಗುರ ಆಗ್ತಾವು, ಕಾರು ಜಾರ್ತೈತಿ.” ನನ್ನ ಜಡೆಗೆ ಅಂಟಿದ್ದ ಟೇಪ್ ಬಿಡಿಸುತ್ತ ದನಿ ತಗ್ಗಿಸಿದ. “ರಾಯರು ಒಪ್ಪಿ ರೊಕ್ಕ ಹಾಕಿದ್ರ ನಂದ ಒಂದು ಶೆಡ್ ಆಗ್ತೈತಿ. ಸಂಜೀಕ ನಿಮ್ಮಪ್ಪನ್ನ ಕೇಳ್ತೇನಿ.”

“ಏನ್ ಕೇಳ್ತಿ?”

“ಪಾಲಿಶ್ ಪೇಪರ್.”

ನಗು ತಡೆಯಲಾಗಲಿಲ್ಲ.

ಕೊಲ್ಹಾರದ ಸೇತುವೆಯ ಮೇಲೆ ಅವನು ಕಾರು ಓಡಿಸಿದ. ಹಿಂದೆ ಶೆಡ್ಡಿನ ಪಕ್ಕದ ನಬಿಲಾಲ ಕಾಕಾ ಓಡಿಸುತ್ತಿದ್ದ ಪಿಕಪ್‌ನಲ್ಲಿ ಕೂತು ನಾನು ನೋಡಿದೆ. ಅಂಚಿನ ದಾರಗಳು ನೆಟ್ಟಗಿದ್ದವು. ನಡುವಿನವು ಗಿರಗಿರನೆ ಕುಣಿದವು, ಕೆಲವು ಮುಂದಕ್ಕೇ ತಿರುಗಿದವು. ನೋಡಲು ಚಂದವೆಂದು ಅವನು ಹಲಗೆಯನ್ನು ಬಹಳ ಕಡಿದಾಗಿ ಏರಿಸಿದ್ದ.

ಸೇತುವೆಯಾಚೆ ರಾಯರು ಕಾದಿದ್ದರು. “ಹೆಂಗೈತಿ ಬೇ ತಂಗಿ?”

ಮಾಮಾ ಕಣ್ಣಲ್ಲೇ ಬೇಡಿದ. ಹೂಂ ಅಂದರೆ ಸಂಜೆ ನನ್ನದು. ಆದರೆ ಆಮೇಲೆ ಇದೇ ಕಾರನ್ನು ನೂರೈವತ್ತರ ವೇಗದಲ್ಲಿ ಓಡಿಸಿ ತೋರಿಸಬೇಕಾದವನೂ ಅವನೇ.

“ನಡುವಿನ ದಾರ ಕುಣದಾವ್ರಿ. ಹಲಗಿ ಏರು ಕಡಿಮಿ ಮಾಡಬೇಕ್ರಿ. ಜೋರ್ ಹೋದ್ರ ಹಿಂದ ಹಗುರ ಆಗ್ತೈತ್ರಿ.”

ಮಾಮಾ ಜೋರಾಗಿ ನಕ್ಕ. “ಸಾಲಿ ಬಿಟ್ಟಾಳ್ರಿ ಇಕಿ. ದಾರ ಅಂದ್ರ ಹೊಲಿಯೂದಷ್ಟ ಗೊತ್ತು.”

“ನಿನಗೇನ್ ಆಗಬೇಕಪಾ ಈಕಿ?” ರಾಯರು ಕೇಳಿದರು.

“ಯಾರೂ ಅಲ್ರಿ. ಶೆಡ್ಡಿನ್ಯಾಗ ಕೆಲಸ ಮಾಡ್ತಾಳ. ಬರ್ರಿ, ಫುಲ್ ಸ್ಪೀಡ್ ಹೊಡದ ತೋರಸ್ತೇನಿ.”

ಬಗ್ಗಿ ದಾರಗಳನ್ನೆಲ್ಲ ಕಿತ್ತು ರಸ್ತೆಗೆ ಎಸೆದ. ರಾಯರು ಪಕ್ಕದ ಸೀಟಿನಲ್ಲಿ ಕೂತರು. ಎಂಜಿನ್ ಗುಡುಗಿತು. ನಾನು ಓಡಿ ಹೋಗಿ ಅವನ ಕಿಟಕಿಗೆ ಬಾಗಿದೆ. ಅವನು ಎದುರಿನ ರಸ್ತೆಯನ್ನೇ ನೋಡುತ್ತಿದ್ದ. ಗಾಜು ಏರತೊಡಗಿತ್ತು.

“ಮಾಮಾ, ಮೆಲ್ಲಕ ಹೋಗು.”