ಪುಟ್ಟಿಯ ಅಣ್ಣ

"ನಮ್ ಪುಟ್ಟಿಗೆ ಹುಚ್ಚಿಲ್ಲ ಮೇಡಂ. ಅದ್ನ ಮೊದ್ಲು ತಿಳ್ಕೊಬುಡಿ." ಜಯಕುಮಾರ್ ಬಾಗಿಲಲ್ಲೇ ನಿಂತು ಹೇಳಿದ.

"ಹುಚ್ಚು ಅಂತ ನಾನೆಲ್ಲಿ ಅಂದೆ? ಒಳಗೆ ಬನ್ನಿ," ಎಂದಳು ಭಾನುಪ್ರಿಯ.

ಅವಳು ಮನಃಶಾಸ್ತ್ರಜ್ಞೆಯಾಗಿ ಚನ್ನಪಟ್ಟಣಕ್ಕೆ ಬಂದು ಕೆಲವೇ ತಿಂಗಳಾಗಿತ್ತು. ಜಯಕುಮಾರ್ ಹೊಂಗನೂರಿನವನು, ಬಿಡದಿಯ ಫ್ಯಾಕ್ಟರಿಯೊಂದರಲ್ಲಿ ಕೆಲಸ. ತಾಯಿ ತೀರಿಕೊಂಡ ಮೇಲೆ ಅವನ ತಂಗಿ ಪುಟ್ಟಿ ಊಟ, ಮಾತು, ಕಾಲೇಜು ಎಲ್ಲ ಬಿಟ್ಟಿದ್ದಳು. ಅಪ್ಪ ಹನುಮಂತಯ್ಯ ಕಬ್ಬಾಳಮ್ಮನಿಗೆ ಹರಕೆ ಹೊತ್ತಿದ್ದರು. ಅದನ್ನು ಕೇಳಿ ಹಿಂದಿನ ಡಾಕ್ಟರು ನಕ್ಕಿದ್ದರಂತೆ.

ಭಾನುಪ್ರಿಯ ನಗಲಿಲ್ಲ. "ಹರಕೆ ತೀರಿಸ್ಕೊಂಡೇ ಬನ್ನಿ. ಡಾಕ್ಟ್ರು ಕೊಟ್ಟ ಮಾತ್ರೆ ಮಾತ್ರ ನಿಲ್ಲಿಸ್ಬೇಡಿ. ಇಲ್ಲಿಗೂ ವಾರವಾರ ಬರ್ಲಿ."

ಜಯಕುಮಾರ್ ಆಗ ಅವಳನ್ನು ನೆಟ್ಟಗೆ ನೋಡಿದ. ರಾತ್ರಿ ಪಾಳಿಯಿಂದ ಕೆಂಪಾಗಿದ್ದ ಕಣ್ಣು ತುಂಬಿಕೊಂಡಿತ್ತು.

ಭಾನುಪ್ರಿಯ ಪುಟ್ಟಿಯ ದುಃಖವನ್ನು ಕೆದಕಲಿಲ್ಲ. ರೇಷ್ಮೆ ಹುಳುವಿಗೆ ಅಮ್ಮ ಸೊಪ್ಪು ಹಾಕುತ್ತಿದ್ದದ್ದು ಹೇಗೆಂದು ಕೇಳಿದಳು. ಎಷ್ಟೋ ವಾರ ಸುಮ್ಮನಿದ್ದ ಹುಡುಗಿ ಒಂದು ದಿನ ಅಮ್ಮನ ಹಾಡನ್ನೇ ಹೇಳಿ, ಬಿಕ್ಕಿ ಬಿಕ್ಕಿ ಅತ್ತಳು. ಹೊರಗೆ ಬೆಂಚಿನ ಮೇಲೆ ಅವಳ ಅಣ್ಣನೂ ಅಳುತ್ತಿದ್ದ.

ಪುಟ್ಟಿ ಮತ್ತೆ ಕಾಲೇಜಿಗೆ ಹೋದಳು. ಕ್ಲಿನಿಕ್ಕಿಗೆ ಬರುವ ಅಗತ್ಯ ಇರಲಿಲ್ಲ. ಆದರೂ ಒಂದು ಮಧ್ಯಾಹ್ನ ಜಯಕುಮಾರ್ ಆ ಬೆಂಚಿನ ಮೇಲಿದ್ದ.

"ನಿಮಗೂ ಚೀಟಿ ಮಾಡಿಸ್ಲಾ?"

"ನಂಗೇನಾಗೈತೆ?"

"ಮತ್ತೆ ಯಾಕೆ ಬಂದ್ರಿ?"

ಅವನು ಶೂ ನೋಡಿಕೊಂಡ. "ಒಸಿ ಕೂತ್ಕೊಂಡು ಹೋಗಾನ ಅಂತ."

ಭಾನುಪ್ರಿಯ ತುಟಿ ಕಚ್ಚಿ ನಗು ತಡೆದಳು. ಮುಂದಿನ ವಾರ ಅವನು ಮದುವೆಯ ಮಾತೆತ್ತಿದಾಗ, ಇಲ್ಲ ಎನ್ನಲಿಲ್ಲ.

ಅಷ್ಟರಲ್ಲಿ ಪುಟ್ಟಿಗೆ ಗುಡೇಮಾರನಹಳ್ಳಿಯ ಸಂಬಂಧ ಕೂಡಿಬಂತು. ಅವಳಿಗೆ ಕಾಯಿಲೆಯಾಗಿದ್ದನ್ನು ಗಂಡಿನವರಿಗೆ ಯಾರೂ ಹೇಳಿರಲಿಲ್ಲ.

"ಈ ಮೇಡಂ ನಿಂಗೆಲ್ಲಿ ಪರಿಚಯ ಅಂತ ಬೀಗ್ರು ಕೇಳಾಕಿಲ್ವಾ, ಪುಟ್ಟಿ ಕಾಯ್ಲೆ ವಿಷ್ಯ ಹೊರಗ್ ಬರಾಕಿಲ್ವಾ ಅಂತಾರೆ ಅಪ್ಪ," ಎಂದ ಜಯಕುಮಾರ್. "ಟೀಚರ್ ಅಂತ ಹೇಳ್ಬುಡಾನ. ಈ ಕೆಲ್ಸ ಒಂದೆರಡು ವರ್ಷ ಬುಟ್ಬುಡಿ."

"ಇದ್ರಲ್ಲಿ ನಾಚಿಕೆಪಡೋದೇನಿಲ್ಲ ಅಂತ ಪುಟ್ಟಿಗೆ ಹೇಳ್ದೋಳು ನಾನು. ಈಗ ನಾನೇ ಬಚ್ಚಿಟ್ಕೊಳ್ಳಾ?"

"ಅವ್ಳ ಮದ್ವೆ ಮುರುದೋದ್ರೆ ನಾನು ಬದ್ಕಿದ್ದೂ ಸತ್ತಂಗೆ, ಭಾನು."

ಅವನು ಅವಳ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

"ಗೊತ್ತು. ಅದಕ್ಕೇ ಕೋಪ ಬರ್ತಿಲ್ಲ," ಎಂದಳು. "ಪುಟ್ಟಿ ವಿಷಯ ನನ್ನ ಬಾಯಿಂದ ಯಾವತ್ತೂ ಬರಲ್ಲ. ನೀವು ಹೋಗಿ."

ಅವನು ಹೋದ. ಪುಟ್ಟಿಯ ಮದುವೆಗೆ ಕರೆ ಬರಲಿಲ್ಲ.

ಮುಂದಿನ ವರ್ಷ, 2008ರ ಕೊನೆಯಲ್ಲಿ, ಪುಟ್ಟಿ ಗಂಡನನ್ನು ಕರೆದುಕೊಂಡು ಬಂದಳು. ಆರು ತಿಂಗಳ ಗರ್ಭಿಣಿ.

"ಇವ್ರಿಗೆ ಎಲ್ಲಾ ನಾನೇ ಹೇಳ್ಬುಟ್ಟೆ ಮೇಡಂ. ಏನೂ ಅನ್ನಲಿಲ್ಲ."

"ಬಾಣಂತನದಲ್ಲಿ ಮತ್ತೆ ಹಂಗಾಗದಂಗೆ ಏನ್ ಮಾಡ್ಬೇಕು, ಹೇಳಿ," ಎಂದ ಗಂಡ ಮೆಲ್ಲಗೆ.

ಭಾನುಪ್ರಿಯ ಪುಟ್ಟಿಯ ಕಡೆ ತಿರುಗಿದಳು. "ಅಣ್ಣ ಹೇಗಿದಾರೆ?"

ಪುಟ್ಟಿ ತಲೆ ತಗ್ಗಿಸಿದಳು. "ಹೋದ್ ತಿಂಗ್ಳು ಮದ್ವೆ ಆಯ್ತು. ಮಾಗಡಿ ಕಡೆ ಹೆಣ್ಣು."

ಭಾನುಪ್ರಿಯ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು.

"ಕೂತ್ಕೋ ಪುಟ್ಟಿ. ನಿದ್ದೆ ಸರಿಯಾಗಿ ಬರ್ತಿದೆಯಾ?"