ಕೊನೆಯ ವಾರದ ಊಟ

ಅಕ್ಟೋಬರ್ ಹತ್ತರ ಬೆಳಿಗ್ಗೆ ವಿನೋನಾ ಟ್ರಾಸ್ಕ್ ಕೈಯಲ್ಲೊಂದು ಗಾಂಜಾ ಎಲೆ ಹಿಡಿದುಕೊಂಡು ಪೊಲೀಸ್ ಠಾಣೆಗೆ ಬಂದಳು. ಬೇರೆ ಕಡೆಯಾಗಿದ್ದರೆ ಅವಳನ್ನೇ ಒಳಗೆ ಹಾಕುತ್ತಿದ್ದರು. ಗಾಂಜಾ ಬೆಳೆಯುವುದು ಕಾನೂನುಬದ್ಧವಾಗಿರುವ ಉತ್ತರ ಕ್ಯಾಲಿಫೋರ್ನಿಯಾದ ಸಾಲ್ಟ್‌ಲಿಕ್ ಕಣಿವೆಯಲ್ಲಿ ಸಾರ್ಜೆಂಟ್ ಹಾಲಿಸ್ ಪ್ರೂಯಿಟ್ ಎದ್ದು ಕುರ್ಚಿ ಕೊಟ್ಟ.

"ನೋಡು ಹಾಲಿಸ್, ಎಷ್ಟು ಹಸಿರಾಗಿದೆ!"

"ಚೆನ್ನಾಗೇ ಇದೆಯಲ್ಲ."

"ಚೆನ್ನಾಗಿದೆಯಂತೆ, ನಿನ್ನ ತಲೆ! ಕೊಯ್ಲು ಹತ್ತಿರ ಬಂದಾಗ ಎಲೆ ಹಳದಿ ತಿರುಗ್ಬೇಕು. ಅದಕ್ಕೇ ಕೊನೇಲಿ ಗೊಬ್ಬರ ನಿಲ್ಲಿಸಿ ಬರೀ ನೀರು ಕೊಡೋದು. ಎಲೇಲಿ ಕೂಡಿಟ್ಟಿದ್ದನ್ನ ಗಿಡ ತಾನೇ ತಿಂದು ಮುಗಿಸ್ಬೇಕು. ಆಗ್ಲೇ ಹೊಗೆ ಮೆತ್ತಗೆ, ಬೂದಿ ಬೆಳ್ಳಗೆ. ಇದರ ತುದಿ ನೋಡು, ಹದ್ದಿನ ಉಗುರಿನ ಹಾಗೆ ಬಾಗಿದೆ. ಯಾರೋ ಕದ್ದು ಊಟ ಹಾಕಿದಾರೆ."

ಗಾಂಜಾ ಕದ್ದವರನ್ನು ಪ್ರೂಯಿಟ್ ಬೇಕಾದಷ್ಟು ಹಿಡಿದಿದ್ದ. ಗಾಂಜಾಕ್ಕೆ ಕದ್ದು ಊಟ ಹಾಕಿದವರು ಅವನ ಕೈಗೆ ಇನ್ನೂ ಸಿಕ್ಕಿರಲಿಲ್ಲ.

"ಇದರಿಂದ ನಿನಗೇನು ನಷ್ಟ?"

"ಡಿಸೆಂಬರಿನ ಗಾಂಜಾ ಸ್ಪರ್ಧೇಲಿ ಸೋತರೆ ನನ್ನ ಹೂ ಯಾರು ಕೊಳ್ತಾರೆ? ದೊಡ್ಡ ಕಂಪನಿಗಳ ಮುಂದೆ ನನಗಿರೋದು ಹೆಸರೊಂದೇ, ಮಾರಾಯ."

ಅತಿಕ್ರಮ ಪ್ರವೇಶ, ಬೆಳೆಗೆ ಹಾನಿ ಎಂದು ದೂರು ದಾಖಲಾಯಿತು. ಮಧ್ಯಾಹ್ನ ಪ್ರೂಯಿಟ್ ತನ್ನ ಕಾನ್‌ಸ್ಟೆಬಲ್ ಮರಿಸೋಲ್‌ಳನ್ನು ಕರೆದುಕೊಂಡು ಸ್ಥಳ ಮಹಜರಿಗೆ ಹೋದ. ನೀರಿನ ಟ್ಯಾಂಕಿನ ಮುಚ್ಚಳ ತೆಗೆದ ಮರಿಸೋಲ್ ಮೂಗು ಮುಚ್ಚಿಕೊಂಡಳು.

"ಮೀನು, ಸಾರ್. ಸತ್ತು ಮೂರು ತಲೆಮಾರು ಆಗಿರೋ ಮೀನು."

ನೀರಿನ ಮಾದರಿ ಪ್ರಯೋಗಾಲಯಕ್ಕೆ ಹೋಯಿತು. ಪ್ರೂಯಿಟ್ ಸಾಲುಗಳ ನಡುವೆ ನಡೆದ. ಒಂದು ಗಿಡದ ಕೊಂಬೆ ಹೂವಿನ ಭಾರಕ್ಕೆ ಸೀಳಿತ್ತು. ಯಾರೋ ಅದಕ್ಕೆ ಎರಡೂ ಪಕ್ಕ ಕಡ್ಡಿ ಇಟ್ಟು, ಕಪ್ಪು ರಬ್ಬರ್ ಪಟ್ಟಿ ಸುತ್ತಿ, ತುದಿಯನ್ನು ಒಳಕ್ಕೆ ಮಡಚಿ ಸಿಕ್ಕಿಸಿದ್ದರು. ಬಾಣಂತಿಗೆ ಹೊದಿಸಿದಷ್ಟು ಜೋಪಾನ.

"ಇದು ನೀನು ಕಟ್ಟಿದ್ದಾ?"

"ಅಲ್ಲ. ನಾನು ಕಟ್ಟೋದು ನಾರಿನ ದಾರದಲ್ಲಿ," ಎಂದಳು ವಿನೋನಾ. ಫೋಟೋ ತೆಗೆದರು.

ತೊರೆಯಾಚೆ ಗಿಲ್ ಬ್ರೂನಿಂಗನ ತೋಟ. ಸ್ಪರ್ಧೆಯಲ್ಲಿ ಆರು ವರ್ಷಗಳಿಂದ ವಿನೋನಾ ಮೊದಲು, ಗಿಲ್ ಎರಡನೆಯವನು. ಅವನು ಆಗಲೇ ಕೊಯ್ಲು ಮುಗಿಸಿದ್ದ. ತೋಟದಲ್ಲಿ ನೋಡಲು ಬರೀ ಮಣ್ಣು. ಅವನ ಮುದಿ ನಾಯಿ ಬಿಸ್ಕೆಟ್ ಓಡಿ ಬಂದು ಪ್ರೂಯಿಟ್‌ನ ಬೂಟು ನೆಕ್ಕಿತು.

"ವಿನೋನಾಳ ತೋಟಕ್ಕೆ ಹೋಗಿದ್ಯಾ?"

"ಅವಳ ತೋಟದಲ್ಲಿ ನನಗೇನು ಕೆಲಸ? ಪತ್ರಿಕೇಲಿ ದಿನಾ ಬರುತ್ತಲ್ಲ, ಓದ್ತೀನಿ."

"ಹೊಟ್ಟೆಕಿಚ್ಚಾ?"

"ನನಗಾ? ಅವಳ ಫೋಟೋ ಇರೋ ಹಾಳೇಲಿ ಮೀನು ಸುತ್ತಿದ್ರೆ ಮೀನು ಬೇಗ ಕೆಡುತ್ತೆ, ಅಷ್ಟೇ ಬೇಜಾರು."

ಮೀನಿನ ಮಾತು ತೆಗೆದವನು ಅವನೇ. ಆದರೆ ಸಮುದ್ರ ಅಷ್ಟು ಹತ್ತಿರವಿರುವ ಕಣಿವೆಯಲ್ಲಿ ಮೀನಿಲ್ಲದ ಮನೆ ಯಾವುದು? ಪ್ರೂಯಿಟ್ ಹಿಂತಿರುಗಿದ. ಪ್ರಯೋಗಾಲಯವೂ ಆರಾಮವಾಗಿ ಕೆಲಸ ಮಾಡಿತು, ವರದಿ ಬರಲೇ ಇಲ್ಲ. ಅಷ್ಟರಲ್ಲಿ ವಿನೋನಾ ಬೈಯುತ್ತಲೇ ಗಿಡ ಕೊಯ್ದಳು, ಬೈಯುತ್ತಲೇ ನೆರಳಲ್ಲಿ ಒಣಗಿಸಿ ಹೂವನ್ನು ಜಾಡಿಗೆ ತುಂಬಿದಳು.

ಡಿಸೆಂಬರ್ ಮೊದಲ ಶನಿವಾರ ರೈತಸಭೆಯ ಹಾಲ್‌ನಲ್ಲಿ ಸ್ಪರ್ಧೆ. ಜಾಡಿಗಳ ಮೇಲೆ ಹೆಸರಿಲ್ಲ, ಬರೀ ನಂಬರು. ಹಾಲ್‌ನ ಬಾಗಿಲಲ್ಲಿ ಬಿಸ್ಕೆಟ್ ಮಲಗಿತ್ತು. ಟ್ರಕ್ಕಿನಿಂದ ಬಿದ್ದು ಅದರ ಮುಂಗಾಲು ಮುರಿದಿತ್ತು. ಎರಡೂ ಪಕ್ಕ ಕಡ್ಡಿ, ಸುತ್ತ ಕಪ್ಪು ರಬ್ಬರ್ ಪಟ್ಟಿ, ತುದಿ ಒಳಕ್ಕೆ ಮಡಚಿ ಸಿಕ್ಕಿಸಿದ್ದು.

ಪ್ರೂಯಿಟ್ ನಾಯಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಮರಿಸೋಲ್ ಫೋಟೋ ತೆಗೆದಳು. ನಾಯಿ ಪೂರ್ತಿ ಸಹಕರಿಸಿತು.

ಗಿಲ್‌ನನ್ನು ಹಾಲ್‌ನ ಹಿಂದಿನ ಅಡುಗೆಕೋಣೆಗೆ ಕರೆಸಿದರು.

"ಬಿಸ್ಕೆಟ್ ಕಾಲು ಕಟ್ಟಿದ್ದು ಯಾರು?"

"ನಾನೇ. ಹಳೇ ಡೈವಿಂಗ್ ಸೂಟು ಕತ್ತರಿಸಿ. ಹಿಗ್ಗುತ್ತೆ, ನೋಯಿಸಲ್ಲ."

ಪ್ರೂಯಿಟ್ ಎರಡು ಫೋಟೋಗಳನ್ನು ಪಕ್ಕಪಕ್ಕದಲ್ಲಿಟ್ಟ. ಗಿಲ್ ಎರಡನ್ನೂ ನೋಡಿ, ಒಪ್ಪಿದಂತೆ ತಲೆಯಾಡಿಸಿದ.

"ಅಲ್ಲ ಮಾರಾಯ, ಕೆಡಿಸೋಕೆ ಹೋದವನು ಕೊಂಬೆ ಯಾಕೆ ಕಟ್ಟಿದೆ?" ಎಂದ ಪ್ರೂಯಿಟ್.

"ಸೀಳಿ ನೇತಾಡ್ತಿತ್ತಲ್ಲ, ಸಾರ್ಜೆಂಟ್. ಹಾಗೇ ಬಿಟ್ಟು ಬರೋಕಾಗುತ್ತಾ?"

"ವಿಷ ಹಾಕೋನಿಗೆ ಅಷ್ಟು ಕನಿಕರ?"

"ವಿಷ ಅನ್ಬೇಡ!" ಗಿಲ್ ಎದ್ದೇ ನಿಂತ. "ಊಟ ಅದು. ನಾನೇ ಕೊಳೆಸಿದ ಮೀನಿನ ಗೊಬ್ಬರ. ಹೊಗೆ ಸ್ವಲ್ಪ ಗಂಟಲು ಕೆರೀಲಿ, ಅವಳೊಂದು ವರ್ಷ ಸೋಲಲಿ ಅಂತ, ಅಷ್ಟೇ. ಆ ತಳಿ ನಂದು ಕಣೋ. ಅವಳು ಈ ಕಣಿವೆಗೆ ಬಂದಾಗ ತಾಯಿಗಿಡದ ಕಡ್ಡಿ ಮುರಿದು ಕೊಟ್ಟವನು ನಾನು. ಈಗ ಅಂಗಡೀಲಿ ಅದನ್ನ 'ವಿನೋನಾ' ಅಂತ ಕೇಳ್ತಾರೆ. ನನ್ನ ಮುಂದೇನೇ ಕೇಳ್ತಾರೆ."

ಮರಿಸೋಲ್ ಹೇಳಿಕೆ ಬರೆದುಕೊಂಡಳು. ಅಷ್ಟರಲ್ಲಿ ಹಾಲ್‌ನಲ್ಲಿ ಮೈಕು ಗೊರಗುಟ್ಟಿತು. ಮೊದಲ ಬಹುಮಾನದ ಹೂ ಸೇದಿ ಮೂವರು ತೀರ್ಪುಗಾರರೂ ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದ್ದರಂತೆ. ಅದನ್ನು 'ಗಾಂಭೀರ್ಯ' ಎಂದು ಬರೆದಿದ್ದರಂತೆ. ಬೂದಿ ಕಪ್ಪಗಿದ್ದದ್ದನ್ನು 'ಆಳ' ಎಂದಿದ್ದರಂತೆ. ಜಾಡಿ ವಿನೋನಾಳದು. ಎರಡನೇ ಬಹುಮಾನ ಗಿಲ್ ಬ್ರೂನಿಂಗ್‌ನದು.

ಕೋಳ ತೊಡಿಸುವಾಗ ಗಿಲ್ ಮೆಲ್ಲಗೆ ಕೇಳಿದ, "ಗೊಬ್ಬರ ನಂದು ಅಂತ ಹೇಳಿಕೇಲಿ ಸರಿಯಾಗಿ ಬರೆದಿದ್ದೀಯೇನಮ್ಮಾ?"

"ಬರೆದಿದೀನಿ."

"ದಪ್ಪ ಅಕ್ಷರದಲ್ಲಿ?"

ಹೊರಗೆ ವಿನೋನಾ ಮೊದಲ ಬಹುಮಾನದ ನೀಲಿ ರಿಬ್ಬನ್ ಹಿಡಿದು ನಿಂತಿದ್ದಳು. ವಿಷಯ ಅವಳ ಕಿವಿಗೂ ಬಿದ್ದಿತ್ತು. ಅವಳು ಬೈಯುತ್ತಾಳೆಂದು ಪ್ರೂಯಿಟ್ ಕಾದ. ಅವಳು ಗಿಲ್‌ನನ್ನು ನೋಡಿದಳು, ರಿಬ್ಬನ್ ನೋಡಿದಳು. ಏಳನೇ ವರ್ಷದ ಗೆಲುವು ಅವಳ ಗಂಟಲಲ್ಲೇ ಕೆರೆಯುತ್ತಿತ್ತು. ಕೊನೆಗೆ ಬಗ್ಗಿ ಬಿಸ್ಕೆಟ್‌ನ ಹಗ್ಗ ಕೈಗೆ ತೆಗೆದುಕೊಂಡಳು.

"ಇವನು ಬರೋವರೆಗೆ ನಾಯಿ ನನ್ನ ಹತ್ರ ಇರಲಿ," ಎಂದಳು.

ಗಿಲ್ ಜೀಪಿನ ಕಿಟಕಿಯಿಂದ ನೋಡಿದ. ನಾಯಿ ಬಾಲ ಅಲ್ಲಾಡಿಸುತ್ತ, ಕುಂಟುತ್ತ, ಒಮ್ಮೆಯೂ ಹಿಂದೆ ತಿರುಗದೆ ಅವಳ ಜತೆ ಹೋಗುತ್ತಿತ್ತು.

"ಅದನ್ನೂ ತಗೊಂಡ್ಳು," ಎಂದ ಗಿಲ್.