ಒಂದು ತುತ್ತಿನ ದೂರ

ಆಡಿಸ್ ಅಬಾಬಾದ ಆಸ್ಪತ್ರೆಯೊಂದರ ಊಟದ ಕೋಣೆಯಲ್ಲಿ ಡಾಕ್ಟರ್ ಅಲ್ಮಾಜ್ ಹುಳಿದೋಸೆಯಂಥ ಇಂಜೆರಾ ಮುರಿದು, ಬೇಳೆಯ ಗೊಜ್ಜಿನಲ್ಲಿ ಅದ್ದಿ, ಅತಿಥಿಯ ಬಾಯಿಗೇ ತುತ್ತಿಟ್ಟರು. ಇಥಿಯೋಪಿಯಾದವರ ಆದರ ಅದು. ಹುಬ್ಬಳ್ಳಿಯ ಉದ್ಯಮಿ ವೀರೇಶ ಅಂಗಡಿ ನಗುನಗುತ್ತಲೇ ನುಂಗಿದರು. ಆದರೆ ಅವರ ಹಣೆಗೆ ಕಟ್ಟಿದ್ದ ಪಟ್ಟಿ ಎಂಬತ್ತನಾಲ್ಕು ತೋರಿಸಿತು.

ಪಟ್ಟಿಯ ಹೆಸರು ಅಂತರಮಾಪಕ. ಪರರ ರೀತಿನೀತಿ ಎದುರಾದಾಗ ಮಿದುಳು ಎಷ್ಟು ಹಿಂಜರಿಯುತ್ತದೆ ಎಂಬುದನ್ನು ನೂರಕ್ಕೆ ಇಷ್ಟೆಂದು ಹೇಳುವ ಉಪಕರಣ. ಅದನ್ನು ಕಂಡುಹಿಡಿದ ಸಿಂಚನಾ ಹೊಸಮನಿ ಪಕ್ಕದಲ್ಲೇ ಕೂತಿದ್ದಳು. ೨೦೫೮ರ ಹೊತ್ತಿಗೆ, ಹೊರದೇಶದಲ್ಲಿ ಶಾಖೆ ತೆರೆಯಲು ಹಿಂದೆ ಮುಹೂರ್ತ ಕೇಳುತ್ತಿದ್ದವರೆಲ್ಲ ಈಗ ಅಂಕಿ ಕೇಳುತ್ತಿದ್ದರು. ಅರವತ್ತು ದಾಟಿದರೆ ಯಾವ ಕಂಪನಿಯೂ ಆ ದೇಶದತ್ತ ತಲೆಹಾಕುತ್ತಿರಲಿಲ್ಲ. ಅಂಗಡಿಯವರದು ಅಗ್ಗದ ಡಯಾಲಿಸಿಸ್ ಯಂತ್ರಗಳ ಕಾರ್ಖಾನೆ. ಮೂತ್ರಪಿಂಡ ಕೆಟ್ಟವರ ರಕ್ತ ಶುದ್ಧಿಮಾಡುವ ಆ ಯಂತ್ರಕ್ಕಾಗಿ ಅಲ್ಮಾಜ್ ಅವರ ರೋಗಿಗಳು ಜೀವ ಹಿಡಿದುಕೊಂಡು ಕಾದಿದ್ದರು.

“ಡೆನ್ಮಾರ್ಕಿನಾಗ ಇಪ್ಪತ್ತೆರಡು ಬಂದಿತ್ತು. ಅಲ್ಲೇ ಹೋಗೋಣ್ರಿ ಮೇಡಂ,” ಅಂಗಡಿ ಕನ್ನಡದಲ್ಲಿ ಪಿಸುಗುಟ್ಟಿದರು.

“ಅಲ್ಲಿ ಯಂತ್ರಕ್ಕ ಏನ್ ಬರ ಐತ್ರಿ ಸಾಹೇಬ್ರ? ಇದು ಈ ದೇಶದ ದೂರ ಅಲ್ಲ, ನಿಮ್ಮ ಮನಸ್ಸು ಹಿಂದ ಸರಿದದ್ದು. ನಿಮ್ಮವ್ವ ತುತ್ತು ಮಾಡಿ ಹಾಕಿದ್ದಿಲ್ಲೇನ್ರಿ?”

“ಅವ್ವ ನಮ್ಮಾಕಿ. ಮತ್ತ, ರೊಕ್ಕ ಹಾಕಾಂವ ನಾನು. ನನ್ನ ಮನಸ್ಸನ್ನ ಅಳೀಬೇಕಲ್ರಿ?”

ಸಿಂಚನಾಗೆ ರೇಗಿತು. ಹಿಂಜರಿಕೆ ಇವರೊಬ್ಬರದೇ ಎಂದು ತೋರಿಸಿಯೇ ಬಿಡೋಣವೆಂದು ಪಟ್ಟಿ ಬಿಚ್ಚಿಸಿ ತಾನೇ ಕಟ್ಟಿಕೊಂಡಳು, ಅಲ್ಮಾಜ್ ಕಡೆ ಬಾಯಿ ತೆರೆದಳು. ತುತ್ತು ರುಚಿಯಾಗಿತ್ತು. ಅಲ್ಮಾಜ್ ಮೇಲೆ ಅವಳಿಗೆ ನಿಜಕ್ಕೂ ಅಕ್ಕರೆಯಿತ್ತು. ಪಟ್ಟಿ ಎಪ್ಪತ್ತೊಂಬತ್ತು ತೋರಿಸಿತು.

ಅಂಗಡಿ ಅಂಕಿ ನೋಡಿ, ಬಾಯಿ ತೊಳೆಯಲು ಎದ್ದುಹೋದರು.

ಅಂಕಿಯ ಅರ್ಥವನ್ನು ಅಲ್ಮಾಜ್‌ಗೆ ಯಾರೂ ಹೇಳಿರಲಿಲ್ಲ. “ಇಬ್ಬರಿಗೂ ಇಷ್ಟೊಂದು ಬಂತಲ್ಲ,” ಎಂದು ಅವರು ಹಿಗ್ಗಿದರು. “ಹಾಗಾದರೆ ಯಂತ್ರಗಳು ಯಾವಾಗ ಬರುತ್ತವೆ?”

ಸಿಂಚನಾ ನಾಚಿಕೆಯಿಂದ ಪಟ್ಟಿ ಬಿಚ್ಚಿ ಚೀಲಕ್ಕೆ ತುರುಕಿದಳು. ಯಂತ್ರಗಳು ಡೆನ್ಮಾರ್ಕಿಗೆ ಹೋದವು.

ಹುಬ್ಬಳ್ಳಿಗೆ ಮರಳಿದ ಮೇಲೂ ಆ ಪ್ರಶ್ನೆಯೂ ತನ್ನ ಎಪ್ಪತ್ತೊಂಬತ್ತೂ ಅವಳನ್ನು ಬಿಡಲಿಲ್ಲ. ಒಂದು ಬೆಳಿಗ್ಗೆ ಮನೆಗೆಲಸದ ಕಸ್ತೂರವ್ವನಿಗೆ ತಾನು ಕುಡಿಯುವ ಕಪ್ಪಿನಲ್ಲೇ ಚಹಾ ಕೊಡಲು ಹೋದಳು. ಕಸ್ತೂರವ್ವ ಸರಕ್ಕನೆ ಕೈ ಹಿಂದಕ್ಕೆಳೆದುಕೊಂಡಳು.

“ಬ್ಯಾಡ್ರಿ ಅಕ್ಕಾರ. ನನ್ನ ಲೋಟ ಹಿತ್ತಲ ಕಿಟಕ್ಯಾಗ ಐತಲ್ಲ.”

ಹೋಗಿ ಅದನ್ನು ತೊಳೆದು ತಂದು ದೂರದಿಂದಲೇ ಹಿಡಿದಳು. ಸಿಂಚನಾ ಕಪ್ಪನ್ನು ಕೆಳಗಿಟ್ಟು ಚಹಾದ ಪಾತ್ರೆ ಎತ್ತಿಕೊಂಡಳು. ಆಮೇಲೆ ಎಂದಿನಂತೆ, ಲೋಟಕ್ಕೆ ತಾಗದ ಹಾಗೆ, ಮೇಲಿನಿಂದ ಚಹಾ ಸುರಿದಳು.